ಕಾಕಾನ ಲಿವರ್‌ಗೆ ಗಾಜಿನ ಕಾಳು

‘ಲಿವರ್‌ನಾಗ ಗಂಟು ಐತಂತ. ಗಾಜಿನ ಗುಂಡು ಬಿಟ್ಟು ಒಳಗಿಂದ ಕರೆಂಟ್ ಕೊಡತಾರಂತ. ಹಂಗಂದ್ರೇನಪಾ ತಮ್ಮಾ?’

ಮುಧೋಳದಿಂದ ಕಾಕು ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಕಾಕಾ ಒಂದು ಹನಿ ಕುಡಿದವರಲ್ಲ. ಆದರೆ ಹೆಪಟೈಟಿಸ್ ಬಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿತ್ತು. ಗಂಟು ಸಿಕ್ಕಾಗ ಆಪರೇಷನ್ ಮಾಡುವ ಹಂತ ದಾಟಿತ್ತು. ಆಗ ಡಾಕ್ಟರು ಹೇಳಿದ್ದೇ ‘ಯಟ್ರಿಯಂ-90’ ಚಿಕಿತ್ಸೆ.

ಕಾಕುಗೆ ನಾನು ನಮ್ಮ ಹೊಲದ ಲೆಕ್ಕದಲ್ಲೇ ಹೇಳಿದೆ. ಕಬ್ಬಿನ ಹೊಲಕ್ಕೆ ಘಟಪ್ರಭಾ ಕಾಲುವೆ ನೀರೂ ಇದೆ, ಬೋರ್‌ವೆಲ್ಲೂ ಇದೆ ಅಂದುಕೊಳ್ಳಿ. ಲಿವರ್‌ಗೂ ಹಾಗೇ ಎರಡು ದಾರಿ. ಅದರ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ನಾಳದಲ್ಲಿ ಬರುತ್ತೆ, ಉಳಿದದ್ದು ಯಕೃತ್ತಿನ ಅಪಧಮನಿಯಲ್ಲಿ. ಕ್ಯಾನ್ಸರ್ ಗಂಟು ಮಾತ್ರ ಹೆಚ್ಚುಕಡಿಮೆ ಪೂರ್ತಿ ಅಪಧಮನಿಯ ರಕ್ತವನ್ನೇ ಕುಡಿಯುತ್ತೆ. ಕಳೆ ಕುಡಿಯುವ ದಾರಿಯಲ್ಲೇ ಔಷಧ ಬಿಟ್ಟರೆ ಬೆಳೆ ಬಹುಪಾಲು ಉಳಿಯುತ್ತೆ.

ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಲಕ್ಷಾಂತರ ಗೋಳಗಳನ್ನು ಗಂಟಿನತ್ತ ಬಿಡುತ್ತಾರೆ. ಗಾಜಿನ ಗೋಳವಾದರೆ ಗಾತ್ರ 20ರಿಂದ 30 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು. ಅವು ಗಂಟಿನ ಕಿರುನಾಳಗಳಲ್ಲಿ ಸಿಕ್ಕಿಕೊಂಡು ಬೀಟಾ ಕಿರಣ ಹೊಮ್ಮಿಸುತ್ತವೆ. ಆ ಕಿರಣ ಸರಾಸರಿ ಎರಡೂವರೆ ಮಿಲಿಮೀಟರ್ ಮಾತ್ರ ಸಾಗುತ್ತೆ. ಪ್ರತಿ 64 ಗಂಟೆಗೆ ಶಕ್ತಿ ಅರ್ಧವಾಗಿ, 11 ದಿನದೊಳಗೆ ಶೇ 90ಕ್ಕೂ ಹೆಚ್ಚು ಕೆಲಸ ಮುಗಿದಿರುತ್ತೆ. ಗಾಜು ಒಳಗೇ ಉಳಿಯುತ್ತೆ, ತೊಂದರೆಯಿಲ್ಲ.

ಆದರೆ ನೇರವಾಗಿ ಗೋಳ ಬಿಡುವುದಿಲ್ಲ. ಮೊದಲು ‘ಮ್ಯಾಪಿಂಗ್’. ಟೆಕ್ನೀಷಿಯಂ ಬೆರೆಸಿದ ಪ್ರೋಟೀನ್ ಕಣಗಳನ್ನು ಅದೇ ದಾರಿಯಲ್ಲಿ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ಶ್ವಾಸಕೋಶಕ್ಕೆ ಹೆಚ್ಚು ಸೋರಿದರೆ ಈ ಚಿಕಿತ್ಸೆಯನ್ನೇ ಕೈಬಿಡಬೇಕಾಗಬಹುದು. ಜಠರದತ್ತ ಹೋದರೆ ಹುಣ್ಣಾಗುತ್ತೆ. ಬಿಲಿರುಬಿನ್ ಏರಿ ಲಿವರ್ ಸೋತಿದ್ದರೂ ಕಷ್ಟ. ಕಾಕಾನ ರಿಪೋರ್ಟ್ ಚೆನ್ನಾಗಿತ್ತು, ಹಾಗಾಗಿ ಮುಂದುವರಿದರು. ಮರುದಿನವೇ ಡಿಸ್ಚಾರ್ಜ್. ಕೆಲವು ವಾರ ಸುಸ್ತು ಕಾಡಿತು. ಮೊದಲ ಕೆಲವು ದಿನ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವಂತಿರಲಿಲ್ಲ. ಅವರಿಗೆ ಅದೇ ದೊಡ್ಡ ಶಿಕ್ಷೆ. ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಗಂಟು ಕುಗ್ಗಿತ್ತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ಕ್ಯಾನ್ಸರ್ ಮುಂದುವರಿದವರ ಮೇಲೆ ಫ್ರಾನ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಸಾರಾ’ ಅಧ್ಯಯನದಲ್ಲಿ, ಸೊರಾಫೆನಿಬ್ ಮಾತ್ರೆಗಿಂತ ಈ ಗೋಳಗಳು ಆಯುಸ್ಸನ್ನು ಹೆಚ್ಚಿಸಲಿಲ್ಲ; ಆದರೆ ರೋಗಿಗಳ ದಿನಗಳು ಹೆಚ್ಚು ಸಹನೀಯವಾಗಿದ್ದವು. ಖರ್ಚು ಹಲವು ಲಕ್ಷ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ‘ಭಾಭಾಸ್ಫಿಯರ್’ ಹೆಸರಿನ ದೇಶೀ ಗೋಳ ತಯಾರಿಸಿದೆ. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಬೆಳಗಾವಿ, ಮೀರಜ್ ಅಂತ ಹೊರಡೋದು ರೂಢಿ. ಈ ಚಿಕಿತ್ಸೆಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಮತ್ತು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಎರಡೂ ಇರುವ ಆಸ್ಪತ್ರೆ ಬೇಕು. ವಿಮೆ ಯಾವುದಕ್ಕೆ ಸಿಗುತ್ತೆ, ಮ್ಯಾಪಿಂಗ್ ಖರ್ಚು ಬೇರೆಯೇ, ನಮ್ಮವರಿಗೆ ಬೇರೆ ದಾರಿ ಇದೆಯೇ – ಈ ಮೂರನ್ನು ಮೊದಲೇ ಕೇಳಿ, ಬರೆದಿಟ್ಟುಕೊಳ್ಳಿ.

ಕಾಕಾನ ಕಾಯಿಲೆ ಗೊತ್ತಾದ ಮೇಲೆ ನಾವು ಮನೆಮಂದಿಯೆಲ್ಲ ‘ಎಚ್‌ಬಿಎಸ್‌ಎಜಿ’ ರಕ್ತಪರೀಕ್ಷೆ ಮಾಡಿಸಿದೆವು. ಈ ವೈರಸ್ ತಾಯಿಯಿಂದ ಮಗುವಿಗೆ, ರಕ್ತದ ಮೂಲಕ, ದೈಹಿಕ ಸಂಪರ್ಕದಿಂದ ಹರಡುತ್ತೆ. ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಬಂದದ್ದು 2011ರ ಹೊತ್ತಿಗೆ. ಈಗ ಕೆಲಸದಲ್ಲಿರುವ ನಾವೆಲ್ಲ ಅದಕ್ಕೂ ಮುಂಚೆ ಹುಟ್ಟಿದವರು. ರಿಪೋರ್ಟ್ ನೆಗೆಟಿವ್ ಬಂದರೆ, ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಳ್ಳಿ. ಪಾಸಿಟಿವ್ ಬಂದರೆ ಹೆದರಬೇಡಿ, ಲಿವರ್ ತಜ್ಞರನ್ನು ಕಾಣಿ. ಅವರು ಹೇಳಿದರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಗಂಟು ಚಿಕ್ಕದಿರುವಾಗಲೇ ಸಿಕ್ಕರೆ ಕತ್ತರಿಸಿ ತೆಗೆಯುವ ಅವಕಾಶವೂ ಇರುತ್ತೆ.