ಬಾಯಿಮಾತಿಗೆ ಕಾಗದದ ಉತ್ತರ

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಂದು ಸಂಜೆ ಪಾಸ್‌ಬುಕ್ ಹಿಡಿದು ಬಂದರು. ‘ಇದೇನ್ ನೋಡ್ರಿ, ರೊಕ್ಕ ಇಟ್ಟಾಕಿ ನಾನು. ಈಗ ನಾನೇ ಬ್ಯಾಂಕಿಗೆ ಕೊಡಬೇಕಂತ!’ ಖಾತೆಯಲ್ಲಿ ₹378 ಇತ್ತು. ಒಂದು ತಿಂಗಳು ₹295 ಕಡಿತ, ಉಳಿದದ್ದು ₹83. ಮರುತಿಂಗಳು ಮತ್ತೆ ₹295. ಶಿಲ್ಕಿನ ಅಂಕಣದಲ್ಲಿ ಈಗ ಮೈನಸ್ ₹212. ಕೌಂಟರಿನಲ್ಲಿ ಕೇಳಿದರೆ ‘ಸಿಸ್ಟಮ್ ತಾನೇ ಕಟ್ ಮಾಡ್ಕೊಳ್ತದಮ್ಮ, ನಮ್ಮ ಕೈಯಲ್ಲಿ ಏನಿಲ್ಲ’ ಎಂದರಂತೆ.

ಅದೇ ವಾರ ಅವರ ಮಗನ ಬೈಕ್ ಸಾಲದ ಎರಡು ಕಂತು ಬಾಕಿ ಬಿದ್ದು, ರಾತ್ರಿ ಎಂಟೂವರೆಗೆ ವಸೂಲಿಯವನ ಫೋನು ಬಂದಿತ್ತು. ಕೌಂಟರಿನ ಮೆತ್ತನೆಯ ಮಾತಿಗೂ ಫೋನಿನ ಗಡಸು ದನಿಗೂ ಏನು ಸಂಬಂಧ ಎನ್ನಬಹುದು. ಎರಡೂ ಬರೀ ಬಾಯಿಮಾತು. ‘ಅದನ್ನೇ ಬರೆದು ಕೊಡಿ’ ಎಂದ ಗಳಿಗೆಗೆ ಎರಡರ ಬಲವೂ ಇಳಿಯುತ್ತದೆ. ಆ ಬರವಣಿಗೆಯನ್ನು ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ಒಯ್ಯಬೇಕು ಎಂಬುದೇ ಈ ಲೇಖನ.

ಮೊದಲು ಅಂಕಿ ಓದಿ

ಬ್ಯಾಂಕಿನ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಸೇರುತ್ತದೆ. ಆದ್ದರಿಂದ ಪಾಸ್‌ಬುಕ್ಕಿನಲ್ಲಿ ವಿಚಿತ್ರ ಅಂಕಿ ಕಂಡರೆ 1.18ರಿಂದ ಭಾಗಿಸಿ. ₹295 ಎಂದರೆ 250ರ ಶುಲ್ಕ, 45ರ ತೆರಿಗೆ. ₹590 ಎಂದರೆ 500ರ ಶುಲ್ಕ. ಖಾತೆಯಲ್ಲಿ ಹಣವಿಲ್ಲದೆ ಸಾಲದ ಕಂತು ವಾಪಸಾದಾಗ ಹೆಚ್ಚಾಗಿ ಕಾಣುವ ಅಂಕಿ ಇದು. ₹17.70 ಬಂದಿದ್ದರೆ 15 ರೂಪಾಯಿಯ ಎಸ್ಸೆಮ್ಮೆಸ್ ಶುಲ್ಕ ಇರಬಹುದು. ₹27.14 ಇದ್ದರೆ ಎಟಿಎಮ್ಮಿನ ಉಚಿತ ಮಿತಿ ದಾಟಿದ್ದೀರಿ: 2025ರ ಮೇ 1ರಿಂದ ಮಿತಿ ಮೀರಿದ ಪ್ರತಿ ವಹಿವಾಟಿಗೆ ಬ್ಯಾಂಕು ಗರಿಷ್ಠ ₹23 ಹಾಕಬಹುದು. ಸ್ವಂತ ಬ್ಯಾಂಕಿನ ಎಟಿಎಮ್ಮಿನಲ್ಲಿ ತಿಂಗಳಿಗೆ ಐದು, ಬೇರೆ ಬ್ಯಾಂಕಿನದರಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ಉಳಿದ ಊರುಗಳಲ್ಲಿ ಐದು ಉಚಿತ.

ಮೇ ತಿಂಗಳ ಕೊನೆಯಲ್ಲಿ ಕಾಣುವ ₹436 ಮತ್ತು ₹20 ಈ ಲೆಕ್ಕಕ್ಕೆ ಕೂರುವುದಿಲ್ಲ. ಅವು ಶುಲ್ಕವಲ್ಲ, ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಯ ವಾರ್ಷಿಕ ಕಂತು. ಒಳ್ಳೆಯ ವಿಮೆಗಳೇ. ಆದರೆ ನಿಮ್ಮ ಒಪ್ಪಿಗೆ ಬೇಕು. ನೀವು ಸಹಿ ಹಾಕಿಲ್ಲವೆಂದಾದರೆ ಒಪ್ಪಿಗೆ ಪತ್ರದ ಪ್ರತಿ ಕೇಳಿ.

ಯಾವುದನ್ನು ಪ್ರಶ್ನಿಸಬಹುದು?

ಎಲ್ಲ ಕಡಿತವೂ ಅನ್ಯಾಯವಲ್ಲ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ದಂಡ ಕಟ್ಟಲೇಬೇಕು. ಜಗಳ ಆಡಬೇಕಾದದ್ದು ಮೂರು ಬಗೆಯ ಕಡಿತಕ್ಕೆ: ಮೊದಲೇ ತಿಳಿಸದೆ ಹಾಕಿದ್ದು, ರಿಸರ್ವ್ ಬ್ಯಾಂಕಿನ ನಿಯಮ ಮೀರಿದ್ದು, ಬ್ಯಾಂಕಿನದೇ ತಪ್ಪಿಗೆ ನಿಮ್ಮಿಂದ ವಸೂಲು ಮಾಡಿದ್ದು.

ಅಕ್ಕನ ಕೇಸು ನೋಡಿ. ಅದು ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲದ್ದಕ್ಕೆ ಹಾಕಿದ ದಂಡ. ಈ ದಂಡದ ಬಗ್ಗೆ 2015ರ ಏಪ್ರಿಲ್‌ನಿಂದಲೇ ನಿಯಮವಿದೆ. ಶಿಲ್ಕು ಕಡಿಮೆಯಾದರೆ ಬ್ಯಾಂಕು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ತುಂಬಿಸಲು ಒಂದು ತಿಂಗಳು ಕೊಡಬೇಕು. ದಂಡವು ಎಷ್ಟು ಕೊರತೆಯಾಗಿದೆಯೋ ಅದರ ಪ್ರಮಾಣದಲ್ಲಿರಬೇಕು. ನೂರು ರೂಪಾಯಿ ಕಡಿಮೆಯಾದವನಿಗೂ ಸಾವಿರ ಕಡಿಮೆಯಾದವನಿಗೂ ಒಂದೇ ದಂಡ ಸಲ್ಲದು. ಈ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗಕೂಡದು. ಅಕ್ಕನಿಗೆ ಎಸ್ಸೆಮ್ಮೆಸ್ ಬಂದಿರಲಿಲ್ಲ, ಎರಡು ತಿಂಗಳೂ ಒಂದೇ ದಂಡ, ಮೇಲೆ ಶಿಲ್ಕು ಮೈನಸ್. ಒಂದೇ ಪುಟದಲ್ಲಿ ಮೂರು ತಪ್ಪು.

ಎರಡು ವರ್ಷ ಮುಟ್ಟದೆ ನಿಷ್ಕ್ರಿಯವಾದ ಖಾತೆಗೆ ಈ ದಂಡವನ್ನು ಹಾಕುವಂತೆಯೇ ಇಲ್ಲ. ಬೇಸಿಕ್ ಉಳಿತಾಯ ಖಾತೆಗೆ ಕನಿಷ್ಠ ಶಿಲ್ಕಿನ ಷರತ್ತೇ ಇಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟವು. ದಂಡ ಕಟ್ಟಿ ಕಟ್ಟಿ ಬೇಸತ್ತವರು ಖಾತೆ ಬದಲಿಸುವುದೂ ಒಂದು ದಾರಿ.

ನೆನಪಿಡಬೇಕಾದ ಇನ್ನಷ್ಟು ನಿಯಮಗಳು:

• ಎಟಿಎಮ್ಮಿನಿಂದ ನೋಟು ಬರದೆ ಖಾತೆಯಿಂದ ಹಣ ಹೋದರೆ ಐದು ದಿನದೊಳಗೆ ತಾನಾಗಿ ವಾಪಸು ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಒಬ್ಬರ ಖಾತೆಗೆ ಕಳಿಸಿದ ಯುಪಿಐ ಹಣ ಅವರಿಗೆ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ತಡಕ್ಕೆ ಇಲ್ಲೂ ಅದೇ ನೂರು.

• 2024ರ ಏಪ್ರಿಲ್‌ನಿಂದ ಸಾಲದ ಕಂತು ತಪ್ಪಿದರೆ ‘ದಂಡಬಡ್ಡಿ’ ಸೇರಿಸುವಂತಿಲ್ಲ. ದಂಡಶುಲ್ಕ ಹಾಕಬಹುದು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯಕೂಡದು. ಕ್ರೆಡಿಟ್ ಕಾರ್ಡಿಗೆ ಈ ನಿಯಮ ಅನ್ವಯಿಸುವುದಿಲ್ಲ.

• ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಪತ್ರ ವಾಪಸು ಕೊಡದಿದ್ದರೆ ಬ್ಯಾಂಕು ದಿನಕ್ಕೆ ₹5,000 ತೆರಬೇಕು.

• ಕ್ರೆಡಿಟ್ ಕಾರ್ಡ್ ಮುಚ್ಚಿ ಎಂದು ಕೇಳಿದ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಬಾಕಿ ಇಲ್ಲದಿದ್ದರೂ ಎಳೆದಾಡಿದರೆ ದಿನಕ್ಕೆ ₹500.

ಅರ್ಜಿ ಬರೆಯುವ ಬಗೆ

ಸಿಟ್ಟನ್ನು ಮನೆಯಲ್ಲಿ ಬಿಟ್ಟು ಅಂಕಿಗಳನ್ನು ಮಾತ್ರ ಬ್ಯಾಂಕಿಗೆ ಒಯ್ಯಿರಿ. ಅಕ್ಕ ಕೊಟ್ಟ ಅರ್ಜಿ ಅರ್ಧ ಪುಟವೂ ಇರಲಿಲ್ಲ:

‘ಶಾಖಾ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆಯಿಂದ ಎರಡು ತಿಂಗಳು ತಲಾ ₹295, ಒಟ್ಟು ₹590 ಕಡಿತವಾಗಿದೆ. ದಿನಾಂಕಗಳಿಗೆ ಪಾಸ್‌ಬುಕ್ ಪುಟದ ನಕಲು ನೋಡುವುದು. ಕಡಿತಕ್ಕೆ ಮುಂಚೆ ನನಗೆ ಯಾವ ಸೂಚನೆಯೂ ಬಂದಿಲ್ಲ. ದಂಡದಿಂದ ಖಾತೆ ಮೈನಸ್ ಆಗಿದೆ. ಇದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಹಣವನ್ನು ಖಾತೆಗೆ ಮರಳಿಸಿ, ಇಲ್ಲವಾದರೆ ಯಾವ ನಿಯಮದಡಿ ಕಡಿತ ಮಾಡಿದ್ದೀರಿ ಎಂದು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’

ಕೊನೆಯ ವಾಕ್ಯವೇ ಅರ್ಜಿಯ ಜೀವ. ಹಣ ಮರಳಿಸುವುದು ಸುಲಭ, ನಿಯಮ ತೋರಿಸುವುದು ಕಷ್ಟ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಮೀನಮೇಷ ಎಣಿಸಿದರೆ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲಿ ದೂರು ಕೊಟ್ಟರೆ ದೂರು ಸಂಖ್ಯೆ ಬರೆದಿಡಿ. ಅಕ್ಕನ ₹590 ಮೂರು ವಾರಕ್ಕೆ ಖಾತೆಗೆ ಮರಳಿತು. ಯಾಕೆ, ಹೇಗೆ ಎಂದು ಯಾರೂ ಹೇಳಲಿಲ್ಲ.

ಮೂವತ್ತು ದಿನ ಕಳೆದರೆ

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ. 2021ರ ನವೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆ: ಯಾವ ಊರಿನ ಶಾಖೆಯಾದರೂ ದೂರು ಸಲ್ಲಿಸುವ ಜಾಲತಾಣ ಒಂದೇ. ಕಂಪ್ಯೂಟರ್ ಒಲ್ಲದವರು ಕಾಗದದಲ್ಲಿ ಬರೆದು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಹೇಗೆಂದು ಕೇಳಲು 14448ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೂ ಮಾತಾಡುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಇಲ್ಲಿಗೆ ಬಂದರೆ, ಅಥವಾ ಅದೇ ವಿಷಯ ಕೋರ್ಟಿನಲ್ಲಿದ್ದರೆ ಅರ್ಜಿ ನಿಲ್ಲುವುದಿಲ್ಲ. ಆ ಮೊಹರಿನ ಪ್ರತಿಯ ಬೆಲೆ ಗೊತ್ತಾಗುವುದು ಇಲ್ಲೇ.

ಇನ್ನೊಂದು ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಘಟನೆಯಾದ ಎರಡು ವರ್ಷದೊಳಗೆ ಹೋಗಬೇಕು. ಸೇವೆಗೆ ತೆತ್ತ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಿಮ್ಮ ವಾದ ನೀವೇ ಮಾಡಬಹುದು.

ವಸೂಲಿಯವರು ಬಂದಾಗ

ಈಗ ರಾತ್ರಿ ಎಂಟೂವರೆಯ ಫೋನಿಗೆ ಬರೋಣ. ಸಾಲ ತೀರಿಸಬೇಕಾದದ್ದೇ. ಬಾಕಿ ಬಿದ್ದ ಹಣವನ್ನು ಕೇಳುವ ಹಕ್ಕು ಸಾಲ ಕೊಟ್ಟವರಿಗಿದೆ. ಹೇಗೆ ಕೇಳಬೇಕು ಎಂಬುದಕ್ಕೆ ಮಾತ್ರ ಲಗಾಮು ಇದೆ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆಯಂತೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ಹೆಸರು ಹೇಳದ ಕರೆ, ಮೊಬೈಲಿಗೆ ಕೆಟ್ಟ ಸಂದೇಶ, ನಾಲ್ಕು ಜನರ ಮುಂದೆ ಮಾನ ಕಳೆಯುವುದು ಎಲ್ಲವೂ ನಿಷಿದ್ಧ. ಬಂಧುಬಳಗವನ್ನೋ ಗೆಳೆಯರನ್ನೋ ಪೀಡಿಸುವುದೂ ಅಷ್ಟೇ. ಎದುರುಮನೆ ಕಿರಾಣಿ ಅಂಗಡಿಗೆ ಫೋನ್ ಮಾಡಿ ‘ಆಕಿಗೆ ಹೇಳ್ರಿ, ಸಾಲ ಕಟ್ಟಲಿ’ ಎನ್ನುವುದೂ ಇದರಲ್ಲೇ ಬಂತು. ಏಜೆಂಟ್ ತಪ್ಪು ಮಾಡಿದರೆ ‘ಅವರು ಹೊರಗಿನ ಏಜೆನ್ಸಿಯವರು’ ಎಂದು ಬ್ಯಾಂಕು ಕೈ ತೊಳೆದುಕೊಳ್ಳುವಂತಿಲ್ಲ, ಹೊಣೆ ಬ್ಯಾಂಕಿನದೇ. ರೌಡಿಗಳನ್ನು ಬಿಟ್ಟು ಸಾಲ ವಸೂಲು ಮಾಡುವುದು ಕಾನೂನಲ್ಲ ಎಂದು 2007ರಲ್ಲೇ ಸುಪ್ರೀಂ ಕೋರ್ಟ್ ಪ್ರಕಾಶ್ ಕೌರ್ ಪ್ರಕರಣದಲ್ಲಿ ಹೇಳಿದೆ.

ಫೋನ್ ಬಂದಾಗ ನಾಲ್ಕೇ ಪ್ರಶ್ನೆ ಕೇಳಿ: ನಿಮ್ಮ ಹೆಸರೇನು, ಯಾವ ಏಜೆನ್ಸಿ, ಯಾವ ಬ್ಯಾಂಕಿನ ಪರ, ಬಾಕಿ ಎಷ್ಟೆಂದು ಲೆಕ್ಕದ ವಿವರ ಕಳಿಸುತ್ತೀರಾ? ಮನೆಗೆ ಬಂದರೆ ಗುರುತಿನ ಚೀಟಿಯೂ ಬ್ಯಾಂಕಿನ ಅಧಿಕಾರ ಪತ್ರವೂ ಅವರ ಕೈಯಲ್ಲಿರಬೇಕು. ಯಾವ ಏಜೆನ್ಸಿಗೆ ವಸೂಲಿ ವಹಿಸಿದ್ದೇವೆಂದು ಬ್ಯಾಂಕು ನಿಮಗೆ ಮೊದಲೇ ತಿಳಿಸಿರಬೇಕು. ಕರೆ ಬಂದ ದಿನ, ವೇಳೆ, ನಂಬರು, ಆಡಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಸಂದೇಶ ಅಳಿಸಬೇಡಿ. ಈ ಪಟ್ಟಿಯೊಡನೆ ಬ್ಯಾಂಕಿಗೆ ದೂರು ಕೊಡಿ. ಬೆದರಿಕೆಗೆ, ಮನೆಗೆ ನುಗ್ಗುವುದಕ್ಕೆ, ಕೈಮಾಡುವುದಕ್ಕೆ ಮೂವತ್ತು ದಿನ ಕಾಯಬೇಕಿಲ್ಲ. ಅದು ಅಪರಾಧ, 112ಕ್ಕೆ ಕರೆ ಮಾಡಿ.

ಸಂಘದ ಸಾಲ

ಹಳ್ಳಿಗಳಲ್ಲಿ ಹೆಂಗಸರು ‘ಸಂಘದ ಸಾಲ’ ಎನ್ನುವ ಮೈಕ್ರೋಫೈನಾನ್ಸಿಗೆ ನಿಯಮ ಇನ್ನೂ ಬಿಗಿ. ಕರೆ ಬೆಳಗ್ಗೆ 9ರಿಂದ ಸಂಜೆ 6ರೊಳಗೆ ಮಾತ್ರ. ಕಂತು ಕಟ್ಟುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಅಲ್ಲಿಗೆ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಮನೆಯ ಆದಾಯದ ಅರ್ಧ ಮೀರಬಾರದು. ಒಬ್ಬಳಿಗೆ ಐದಾರು ಕಡೆ ಸಾಲ ಕೊಟ್ಟು ಆಮೇಲೆ ಬಾಗಿಲಲ್ಲಿ ಕೂರುವವರನ್ನು ಮೊದಲು ಕೇಳಬೇಕಾದದ್ದು ಈ ಅರ್ಧದ ಲೆಕ್ಕವನ್ನೇ. 2025ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ವಸೂಲಿ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಸಾಲುಸಾಲಾಗಿ ಬಂದು, ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಅದರಲ್ಲಿ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಇತ್ತು.

‘ಜೈಲಿಗೆ ಹಾಕಿಸ್ತೀವಿ’

ಅತಿ ಹೆಚ್ಚು ಚಲಾವಣೆಯಲ್ಲಿರುವ ಸುಳ್ಳು ಇದು. ಸಾಲ ಕಟ್ಟಲಾಗದ್ದು ಸಿವಿಲ್ ವ್ಯಾಜ್ಯ; ಪೊಲೀಸರು ಬಂದು ಹಿಡಿದೊಯ್ಯುವ ಅಪರಾಧವಲ್ಲ. ಚೆಕ್ ಬೌನ್ಸ್ ಮತ್ತು ಮೋಸದ ಕತೆ ಬೇರೆ. ಹಾಗಾಗಿ ಕೋರ್ಟಿನ ನೋಟಿಸು ಬಂದರೆ ಮಾತ್ರ ಒಂದು ದಿನವೂ ಮಲಗಿಸಬೇಡಿ. ಒಂದು ಲಕ್ಷ ಮೀರಿದ ಬಾಕಿಗೆ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ಪಡೆಯುವ ಮೊದಲು ಬ್ಯಾಂಕು 60 ದಿನದ ನೋಟಿಸು ಕೊಡಬೇಕು. ನೀವು ಆಕ್ಷೇಪ ಬರೆದರೆ 15 ದಿನದಲ್ಲಿ ಉತ್ತರಿಸಬೇಕು. ಸಾಗುವಳಿ ಜಮೀನು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ನೆರವು ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ.

ಹಣ ಕಟ್ಟುವಾಗ

ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಸಾಲ ಬೆಳೆಯುತ್ತದೆ. ಕಂತು ತಪ್ಪುವ ಸೂಚನೆ ಸಿಕ್ಕ ಕೂಡಲೇ ಬ್ಯಾಂಕಿಗೆ ಬರೆಯಿರಿ: ಆದಾಯ ಇಷ್ಟು, ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಅವಧಿ ಹೆಚ್ಚಿಸಿ. ಏಜೆಂಟ್ ಕೈಗೆ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ, ಅವನ ಸ್ವಂತ ಯುಪಿಐಗೆ ಎಷ್ಟನ್ನೂ ಹಾಕಬೇಡಿ. ನೇರ ಸಾಲದ ಖಾತೆಗೇ ಕಟ್ಟಿ. ‘ಅರ್ಧಕ್ಕೆ ಸೆಟ್ಲ್ ಮಾಡಿಸ್ತೀನಿ’ ಎಂದರೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಹಣ. ಒಂದು ಮಾತು ತಿಳಿದಿರಲಿ, ಹೀಗೆ ರಾಜಿಯಾದ ಸಾಲ ಸಿಬಿಲ್ ವರದಿಯಲ್ಲಿ ‘ಸೆಟ್ಲ್ಡ್’ ಎಂದು ಉಳಿದು ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ. ಪೂರ್ತಿ ತೀರಿಸಿದವರು ಬಾಕಿ ಇಲ್ಲದ ಪ್ರಮಾಣಪತ್ರ ಪಡೆಯದೆ ಬ್ಯಾಂಕಿನಿಂದ ಹೊರಬರಬೇಡಿ. ವರ್ಷಕ್ಕೊಂದು ಸಿಬಿಲ್ ವರದಿ ಉಚಿತ. ಅದರಲ್ಲಿ ತಪ್ಪಿದ್ದು ದೂರು ಕೊಟ್ಟ 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ ₹100 ಪರಿಹಾರ.

ಅಕ್ಕನ ಮಗ ಶಾಖೆಗೆ ಹೋಗಿ, ಬಾಕಿ ಎರಡು ಕಂತನ್ನು ನಾಲ್ಕು ತಿಂಗಳಲ್ಲಿ ಹಂಚಿ ಕಟ್ಟುವುದಾಗಿ ಬರೆದುಕೊಟ್ಟು ಮೊಹರು ಹಾಕಿಸಿಕೊಂಡು ಬಂದ. ಆ ಕಾಗದವೂ ಹಳೆಯ ಅರ್ಜಿಯೂ ಈಗ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಾಬಿನ್ನುಗಳ ಪಕ್ಕದಲ್ಲಿವೆ. ಮೊನ್ನೆ ನಾನು ಅಲ್ಲಿದ್ದಾಗಲೇ ವಸೂಲಿಯವನ ಫೋನು ಬಂತು. ದನಿ ನನಗೂ ಕೇಳುವಷ್ಟು ಜೋರಿತ್ತು. ಅಕ್ಕ ಕಾಲಿನ ಪೆಡಲ್ ನಿಲ್ಲಿಸಿ, ‘ಒಂದ್ ನಿಮಿಷ ಇರ್ರಿ, ಪೆನ್ನು ತಗೋತೀನಿ. ಹಾಂ, ನಿಮ್ಮ ಹೆಸರು ಹೇಳ್ರಿ’ ಎಂದರು. ಆ ಕಡೆಯ ಮಾತು ಆಮೇಲೆ ನನಗೆ ಕೇಳಿಸಲಿಲ್ಲ.