ಹನಿ ಜಾರುವುದು ಯಾವಾಗ?

ಮಳೆ ನಿಂತ ಮೇಲೆ ಕಿಟಕಿಯ ಗಾಜನ್ನು ಗಮನಿಸಿ. ಗಾಜು ನೆಟ್ಟಗಿದ್ದರೂ ಸಣ್ಣ ಹನಿಗಳು ಅಲ್ಲೇ ಅಂಟಿಕೊಂಡಿರುತ್ತವೆ. ಎರಡು ಹನಿಗಳು ಕೂಡಿಕೊಂಡವೋ, ಸರ್ರನೆ ಕೆಳಗಿಳಿಯುತ್ತವೆ. ಗಾಜೂ ಅದೇ, ನೀರೂ ಅದೇ. ಬದಲಾದದ್ದೇನು?

ದ್ರವದ ಅಂಚು ಘನದ ಮೇಲ್ಮೈಯೊಡನೆ ಮಾಡುವ ಕೋನವೇ ಸ್ಪರ್ಶಕೋನ. ಫಲಕವನ್ನು ಓರೆ ಮಾಡಿದಾಗ ಹನಿ ವಾಲುತ್ತದೆ; ಮುಂಬದಿಯ ಕೋನ ಹಿಗ್ಗುತ್ತದೆ, ಹಿಂಬದಿಯದು ಕುಗ್ಗುತ್ತದೆ. ಮೊದಲನೆಯದು ತನ್ನ ಗರಿಷ್ಠ ಮಿತಿಯನ್ನೂ ಎರಡನೆಯದು ಕನಿಷ್ಠ ಮಿತಿಯನ್ನೂ ಮುಟ್ಟುವವರೆಗೆ ಹನಿ ಜಾರದು. ಮೇಲ್ಮೈಯ ಸೂಕ್ಷ್ಮ ಉಬ್ಬುತಗ್ಗು ಮತ್ತು ಕೊಳೆ ಅಂಚನ್ನು ಹೀಗೆ ತಡೆಯುತ್ತವೆ. ಹಿಡಿದಿಡುವ ಬಲವೆಂದರೆ ಮೇಲ್ಮೈ ಎಳೆತ, ಹನಿಯ ಅಗಲ, ಎರಡು ಕೋನಗಳ ಕೊಸೈನುಗಳ ವ್ಯತ್ಯಾಸ – ಇವುಗಳ ಗುಣಲಬ್ಧ. ಎಲೆಗಳ ಮೇಲೆ ಸಿಂಪಡಣೆಯ ದ್ರವ ಹೇಗೆ ನಿಲ್ಲುತ್ತದೆಂದು ಅಭ್ಯಸಿಸಿದ ಫರ್ಮಿಜ್ 1962ರಲ್ಲಿ ಈ ಸಂಬಂಧವನ್ನು ವಿವರಿಸಿದರು.

ಲೆಕ್ಕ ಹಾಕಿ ನೋಡೋಣ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ನಮ್ಮ ಗಾಜಿಗೆ ಕೋನದ ಮಿತಿಗಳು 60 ಮತ್ತು 30 ಡಿಗ್ರಿ ಎಂದಿಟ್ಟುಕೊಳ್ಳಿ. 10 ಮಿಲಿಗ್ರಾಂ ಹನಿಯ ಅಗಲ ಸುಮಾರು 5 ಮಿಲಿಮೀಟರ್. ಹಿಡಿತ ಸುಮಾರು 0.00013 ನ್ಯೂಟನ್, ತೂಕ 0.0001 ನ್ಯೂಟನ್ ಮಾತ್ರ. ಹನಿ ನಿಲ್ಲುತ್ತದೆ. ಇಂಥ ಎರಡು ಹನಿ ಸೇರಿದರೆ ತೂಕ ಇಮ್ಮಡಿಯಾಗುತ್ತದೆ. ಅಗಲವಾದರೋ, ಅದರೊಡನೆ ಹಿಡಿತವೂ, ಸುಮಾರು ಒಂದೂಕಾಲು ಪಟ್ಟು ಮಾತ್ರ. ಹನಿ ಜಾರಲೇಬೇಕು.

ಮೇಲ್ಮೈಯೇ ಚಲಿಸಿದರೆ? ಏಕರೂಪ ವೇಗದಿಂದ ಏನೂ ಆಗದು, ಬೇಕಾದದ್ದು ವೇಗೋತ್ಕರ್ಷ. ಕೊಡೆಯನ್ನು ಕೊಡವಿದಾಗ ದೊಡ್ಡ ಹನಿಗಳು ಹಾರಿಹೋಗಿ ಚಿಕ್ಕವು ಉಳಿಯುವುದು ಇದಕ್ಕೇ. ಅದೇ ಆಕಾರದ, ಎಂಟನೇ ಒಂದು ಪಾಲು ದ್ರವ್ಯರಾಶಿಯ ಹನಿಯನ್ನು ಕದಲಿಸಲು ನಾಲ್ಕು ಪಟ್ಟು ವೇಗೋತ್ಕರ್ಷ ಬೇಕು.

ಸ್ಪರ್ಶಕೋನ ದೊಡ್ಡದಿದ್ದರೆ ಹನಿ ಸುಲಭವಾಗಿ ಜಾರುತ್ತದೆ ಎಂದು ತರಗತಿಗಳಲ್ಲಿ ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ. ತಾವರೆಯೆಲೆಯ ಮೇಲೂ ಕೆಲವು ಗುಲಾಬಿ ಎಸಳುಗಳ ಮೇಲೂ ಸ್ಪರ್ಶಕೋನ 150 ಡಿಗ್ರಿ ಮೀರುತ್ತದೆ. ತಾವರೆಯೆಲೆ ಕೊಂಚ ಓರೆಯಾದರೆ ಸಾಕು, ಹನಿ ಉರುಳುತ್ತದೆ. ಗುಲಾಬಿ ಎಸಳನ್ನು ತಲೆಕೆಳಗು ಮಾಡಿದರೂ ಚಿಕ್ಕ ಹನಿ ಬೀಳದು! ಮುಖ್ಯವಾದದ್ದು ಕೋನವಲ್ಲ, ಮುಂಬದಿ–ಹಿಂಬದಿಗಳ ವ್ಯತ್ಯಾಸ. ಎಲೆಕೋಸಿನ ಮೇಣದೆಲೆಗೆ ಸಿಂಪಡಿಸಿದ ಔಷಧ ಉರುಳಿ ನೆಲ ಸೇರಿದರೆ ಬೆಳೆಗೆ ಪ್ರಯೋಜನವಿಲ್ಲ, ಮಣ್ಣಿಗೂ ಕೇಡು. ದ್ರಾವಣಕ್ಕೆ ಸಾಬೂನಿನಂಥ ವಸ್ತು ಬೆರೆಸಿದರೆ ಹನಿ ಹರಡಿ ಎಲೆಗೆ ಅಂಟುತ್ತದೆ.

ನೀವೂ ಪರೀಕ್ಷಿಸಿ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಲಗೆಯ ಮೇಲೆ ಡ್ರಾಪರಿನಿಂದ ಒಂದು, ಎರಡು, ನಾಲ್ಕು, ಎಂಟು ತೊಟ್ಟುಗಳ ಹನಿಗಳನ್ನಿಡಿ. ಹಲಗೆಯನ್ನು ನಿಧಾನವಾಗಿ ಎತ್ತುತ್ತ, ಪ್ರತಿ ಹನಿ ಜಾರತೊಡಗುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆ ಕೋನಗಳ ಸೈನುಗಳು ನಮ್ಮ ಲೆಕ್ಕಕ್ಕೆ ಎಷ್ಟು ಹತ್ತಿರ ಬರುತ್ತವೆ, ನೋಡಿ.