ಕೈಗಾ ಗುಮ್ಮಟ: ಬಿದ್ದ ಬಗೆ, ಎದ್ದ ಬಗೆ

ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಮಂಟಪದ ನಡುವೆ ನಿಂತು ಕತ್ತೆತ್ತಿ ನೋಡದೆ ಬರುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಕಡೆದ ಭಾರಿ ಕಮಲವೊಂದು ಅಲ್ಲಿ ತಲೆಕೆಳಗಾಗಿ ಅರಳಿದೆ. ಕಲ್ಲಿನ ಬಳೆಯೊಂದರ ಮೇಲೆ ಮತ್ತೊಂದು ಬಳೆ, ಕೆಳಗಿನದಕ್ಕಿಂತ ಮೇಲಿನದು ತುಸು ಒಳಕ್ಕೆ ಚಾಚಿಕೊಂಡು ಕೊನೆಗೆ ನೆತ್ತಿಯಲ್ಲಿ ಕೂಡಿಕೊಳ್ಳುವ ಕಟ್ಟಡ ಅದು. ಅದನ್ನು ಹಿಡಿದು ನಿಲ್ಲಿಸಿರುವುದು ಅದರದೇ ಭಾರ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ ಎಂಬುದನ್ನು ಬಲ್ಲವರು ಮಾತ್ರ ಹಾಗೆ ಕಟ್ಟಬಲ್ಲರು.

ಹಾನಗಲ್ಲಿನಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಕಾಳಿ ನದಿಯ ದಂಡೆಯ ಕಾಡಿನಲ್ಲಿ, ಇನ್ನೊಂದು ಗುಮ್ಮಟವಿದೆ. ಅದು ಕೈಗಾ ಅಣು ವಿದ್ಯುತ್ ಕೇಂದ್ರದ ಮೊದಲನೇ ಘಟಕದ ಒಳ ಗುಮ್ಮಟ. ಅದು ಒಮ್ಮೆ ಬಿದ್ದು, ಮತ್ತೆ ಎದ್ದ ಗುಮ್ಮಟ. ಬಿದ್ದ ಸಂಗತಿ ಆ ಕಾಲದ ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ಎದ್ದ ಸಂಗತಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನಮಗೆ ಹೆಚ್ಚು ಸಂಬಂಧಪಟ್ಟದ್ದು ಆ ಎರಡನೆಯದೇ ಎಂದು ನನ್ನ ಅನಿಸಿಕೆ.

ಅಣು ಸ್ಥಾವರಕ್ಕೆ ಗುಮ್ಮಟ ಏಕೆ ಬೇಕು? ರಿಯಾಕ್ಟರಿನ ಒಳಗೆ ಕೊಳವೆ ಒಡೆದು ಬಿಸಿ ಹಬೆ ನುಗ್ಗಿದರೆ ಅದರೊಡನೆ ವಿಕಿರಣ ವಸ್ತುವೂ ಬರುತ್ತದೆ. ಅದನ್ನು ಹೊರಗೆ ಬಿಡದೆ ಹಿಡಿದಿಡುವ ಕೊನೆಯ ಪಾತ್ರೆ ಈ ಕಟ್ಟಡ. ಕೈಗಾದಲ್ಲಿ ಇಂಥ ಎರಡು ಪಾತ್ರೆಗಳು ಒಂದರೊಳಗೊಂದು ಇವೆ. ಒಳಗಿನದೇ ಮುಖ್ಯ. ಒಳಗಿನ ಹಬೆ ಅದನ್ನು ಹೊರಕ್ಕೆ ತಳ್ಳುತ್ತದೆ, ಎಂದರೆ ಕಾಂಕ್ರೀಟನ್ನು ಎಳೆಯುತ್ತದೆ. ಕಾಂಕ್ರೀಟು ಕಲ್ಲಿನ ಜಾತಿಯದು, ಎಳೆತಕ್ಕೆ ಬಿರುಕು ಬಿಡುತ್ತದೆ. ಅದಕ್ಕಾಗಿ ಎಂಜಿನಿಯರುಗಳು ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಉಕ್ಕಿನ ತಂತಿಗಳನ್ನು ಪೋಣಿಸಿ, ಜಾಕ್ ಹಾಕಿ ಎಳೆದು ಬಿಗಿಯುತ್ತಾರೆ. ಆಗ ಇಡೀ ಗುಮ್ಮಟ ಮೊದಲೇ ಅದುಮಿಕೊಂಡಿರುತ್ತದೆ. ಹಬೆ ತಳ್ಳಿದರೂ ಆ ಅದುಮು ಸಡಿಲವಾಗುತ್ತದೆಯೇ ಹೊರತು ಎಳೆತ ಹುಟ್ಟುವುದಿಲ್ಲ.

ನಮ್ಮ ಕಮ್ಮಾರರು ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದೂ ಇದೇ ಉಪಾಯದಿಂದ. ಕಾದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಮರವನ್ನೆಲ್ಲ ಒಳಕ್ಕೆ ಅದುಮಿ ಹಿಡಿಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ, ಕೈಗಾದ ಕಥೆಯೆಲ್ಲ ಇರುವುದು ಆ ವ್ಯತ್ಯಾಸದಲ್ಲೇ. ಹಳಿ ಗಾಲಿಯ ಹೊರಗಿರುತ್ತದೆ. ಗುಮ್ಮಟದ ತಂತಿ ಕಾಂಕ್ರೀಟಿನ ದಪ್ಪದ ಒಳಗಿರುತ್ತದೆ. ಬಾಗಿದ ತಂತಿಯನ್ನು ಬಿಗಿದಾಗ ಅದು ತನ್ನ ಕೆಳಗಿನ ಪದರವನ್ನು ಕೆಳಕ್ಕೆ ಒತ್ತುತ್ತದೆ. ಅದುಮಿಕೊಂಡ ಮೇಲಿನ ಪದರ ಮೇಲಕ್ಕೆ ಉಬ್ಬಲು ನೋಡುತ್ತದೆ. ನಡುವೆ, ತಂತಿಯ ಕೊಳವೆಗಳಿಂದ ಮೊದಲೇ ತೂತು ತೂತಾಗಿರುವ ಜಾಗದಲ್ಲಿ, ಎಳೆತ ಹುಟ್ಟುತ್ತದೆ. ಎರಡು ಪದರಗಳನ್ನು ಸೇರಿಸಿ ಹಿಡಿಯುವ ಅಡ್ಡ ಕಬ್ಬಿಣ ಇಲ್ಲದಿದ್ದರೆ ಹೊಲಿಗೆ ಹಾಕದ ಕೌದಿಯಂತೆ ಪದರ ಬೇರೆಯಾಗುತ್ತದೆ.

1994ರ ಮೇ 13ರಂದು ಆದದ್ದು ಅದೇ. ಗುಮ್ಮಟದ ಒಳಮೈಯಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು. ಹದಿನಾಲ್ಕು ಮಂದಿ ಕೆಲಸಗಾರರು ಗಾಯಗೊಂಡರು. ಯಾರೂ ಸಾಯಲಿಲ್ಲ. ಸ್ಥಾವರ ಇನ್ನೂ ಕಟ್ಟುತ್ತಿದ್ದ ಹಂತದಲ್ಲಿತ್ತು, ಯುರೇನಿಯಂ ಒಳಗೆ ಬಂದಿರಲಿಲ್ಲ. ಆದ್ದರಿಂದ ವಿಕಿರಣದ ಮಾತೇ ಇರಲಿಲ್ಲ. ಐದು ವರ್ಷದ ಹಿಂದೆ, 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಈ ಯೋಜನೆಯನ್ನೂ ಪರಿಸರವನ್ನೂ ವಿಷಯವಾಗಿಟ್ಟುಕೊಂಡು ಕಾರವಾರದ ಕಡೆ ಪಕ್ಷೇತರರಾಗಿ ಸ್ಪರ್ಧಿಸಿ ಸೋತಿದ್ದರು. ಅವರ ಬೆಂಬಲಿಗರಿಗೆ ಈ ಸುದ್ದಿ ಹೇಗೆ ಕೇಳಿಸಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಇಲ್ಲಿಂದ ಮುಂದೆ ದುರಸ್ತಿಯ ಪ್ರಶ್ನೆ. ಮನೆಯ ಚಾವಣಿ ಬಿದ್ದರೆ ಮೇಸ್ತ್ರಿಯನ್ನು ಕರೆದು ಮತ್ತೆ ಹಾಕಿಸುತ್ತೇವೆ. ಅಣು ಸ್ಥಾವರದಲ್ಲಿ ಹಾಗಾಗುವುದಿಲ್ಲ. ಕೆಟ್ಟದ್ದನ್ನು ಸರಿಮಾಡುವವನು ಸರಿಯಾಯಿತೆಂದು ತಾನೇ ಹೇಳಿಕೊಳ್ಳುವಂತಿಲ್ಲ. 1983ರ ನವೆಂಬರಿನಲ್ಲಿ, 1962ರ ಪರಮಾಣು ಶಕ್ತಿ ಕಾಯ್ದೆಯ ಅಧಿಕಾರದಿಂದ, ಕೇಂದ್ರ ಸರ್ಕಾರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಿದ್ದು ಇದಕ್ಕಾಗಿಯೇ. ಜಾಗ ಆರಿಸುವುದಕ್ಕೆ, ಕಟ್ಟುವುದಕ್ಕೆ, ಪ್ರಾರಂಭಿಸುವುದಕ್ಕೆ, ನಡೆಸುವುದಕ್ಕೆ, ಹೀಗೆ ಹೆಜ್ಜೆ ಹೆಜ್ಜೆಗೂ ಅದರ ಒಪ್ಪಿಗೆ ಬೇಕು. ಕಡತ ಮೊದಲು ತಜ್ಞರ ಸಮಿತಿಗೆ ಹೋಗುತ್ತದೆ, ಅಲ್ಲಿಂದ ಮೇಲಿನ ಸಲಹಾ ಸಮಿತಿಗೆ, ಕೊನೆಗೆ ಮಂಡಳಿಗೆ. ಪ್ರಶ್ನೆಗೆ ಉತ್ತರ ಬಾರದೆ ಕಡತ ಮುಂದಕ್ಕೆ ಹೋಗುವಂತಿಲ್ಲ ಎಂಬುದು ನಿಯಮ.

ಕೈಗಾದಲ್ಲಿ ಸ್ಥಾವರದ ಒಡೆಯನಾದ ಅಣು ವಿದ್ಯುತ್ ನಿಗಮ ಒಂದು ತನಿಖೆ ನಡೆಸಿತು, ಮಂಡಳಿ ತನ್ನದೇ ಸಮಿತಿಯಿಂದ ಇನ್ನೊಂದು ನಡೆಸಿತು. ಈ ಎರಡನೆಯದನ್ನು ಕೆಲವರು ಅನಗತ್ಯ ವಿಳಂಬ ಎಂದುಕೊಳ್ಳಬಹುದು. ನಾನಂತೂ ಹಾಗೆ ತಿಳಿಯುವುದಿಲ್ಲ. ಬಿದ್ದ ಕಾರಣ ಖಚಿತವಾಗದೆ ಹೊಸ ನಕ್ಷೆ ಬರೆದರೆ ಹಳೆಯ ತಪ್ಪನ್ನೇ ಹೊಸ ಕಾಂಕ್ರೀಟಿನಲ್ಲಿ ಕಟ್ಟಿದಂತೆ. ಅದೇ ಬಗೆಯ ಗುಮ್ಮಟ ರಾಜಸ್ಥಾನದ ರಾವತಭಾಟಾದಲ್ಲಿ ಏಳುತ್ತಿದ್ದ ಮೂರು ಮತ್ತು ನಾಲ್ಕನೇ ಘಟಕಗಳಿಗೂ ಬರಬೇಕಿತ್ತು. ಅಲ್ಲಿಯ ವಿನ್ಯಾಸವನ್ನೂ ಬದಲಿಸಬೇಕಾಯಿತು.

ಹೊಸ ಗುಮ್ಮಟದಲ್ಲಿ ಪದರಗಳನ್ನು ಹೊಲಿಯುವ ಅಡ್ಡ ಕಬ್ಬಿಣ ಬಂತು. ಕಾಂಕ್ರೀಟಿನ ದರ್ಜೆ ಎಂ-60ಕ್ಕೆ ಏರಿತು. ಒಂದು ಚದರ ಮಿಲಿಮೀಟರಿಗೆ 60 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟು ಅದು. ಸಿಲಿಕಾ ಫ್ಯೂಮ್ ಎಂಬ, ಸಿಮೆಂಟಿಗಿಂತಲೂ ಬಹಳ ನುಣುಪಾದ ಹುಡಿಯನ್ನು ಬೆರೆಸಿ ಮಾಡಿದ ಈ ಮಿಶ್ರಣ ಆಗ ನಮ್ಮ ದೇಶಕ್ಕೆ ಹೊಸದು. ಆದ್ದರಿಂದ ಮೊದಲು ಪ್ರಯೋಗಾಲಯದಲ್ಲಿ, ಆಮೇಲೆ ಮಾದರಿ ತುಂಡುಗಳಲ್ಲಿ ಪರೀಕ್ಷಿಸಿದ ಮೇಲೆಯೇ ಗುಮ್ಮಟಕ್ಕೆ ಸುರಿದರು. ಕಟ್ಟಿ ಮುಗಿದ ಮೇಲೂ ನಂಬಿಕೆಗೆ ಬಿಡುವುದಿಲ್ಲ. ಒಳಗೆ ಗಾಳಿ ತುಂಬಿ, ಅಪಘಾತದಲ್ಲಿ ಬರಬಹುದಾದ ಒತ್ತಡಕ್ಕಿಂತ ತುಸು ಹೆಚ್ಚೇ ಏರಿಸಿ, ಗೋಡೆ ಎಷ್ಟು ಹಿಗ್ಗಿತು, ಗಾಳಿ ಎಷ್ಟು ಸೋರಿತು ಎಂದು ಅಳೆಯುತ್ತಾರೆ. ಕುಂಬಾರನಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ.

ಇಷ್ಟಕ್ಕೆ ವರ್ಷಗಳು ಹಿಡಿದವು. ವಿಚಿತ್ರವೆಂದರೆ ಮೊದಲು ವಿದ್ಯುತ್ ಕೊಟ್ಟದ್ದು ಎರಡನೇ ಘಟಕ. ಅದರ ರಿಯಾಕ್ಟರು 1999ರ ಸೆಪ್ಟೆಂಬರಿನಲ್ಲಿ ಕೆಲಸ ಆರಂಭಿಸಿತು. ಮೊದಲನೇ ಘಟಕದ ಸರದಿ ಬಂದದ್ದು 2000ದ ಸೆಪ್ಟೆಂಬರಿನಲ್ಲಿ. ಅದೇ ಘಟಕ ಮುಂದೆ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಓಟ ಶುರುವಾದ ತಾರೀಖು ಗುಮ್ಮಟ ಬಿದ್ದ ತಾರೀಖೇ ಆಗಿರುವುದು ಕಾಕತಾಳೀಯ.

ಆದರೆ ಮನಸ್ಸನ್ನು ಕೊರೆಯುವ ಪ್ರಶ್ನೆಯೊಂದಿದೆ. ಬಿದ್ದಮೇಲೆ ಕೇಳಿದ ಪ್ರಶ್ನೆಗಳನ್ನು ಬೀಳುವ ಮೊದಲೇ ಏಕೆ ಕೇಳಲಿಲ್ಲ? ಪದರ ಬಿಚ್ಚುವ ಈ ರೋಗ ಹೊಸದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಟರ್ಕಿ ಪಾಯಿಂಟ್ ಸ್ಥಾವರದ ಗುಮ್ಮಟ 1970ರಲ್ಲಿ, ಕ್ರಿಸ್ಟಲ್ ರಿವರ್ ಗುಮ್ಮಟ 1976ರಲ್ಲಿ ಹೀಗೆಯೇ ಪದರ ಬಿಚ್ಚಿಕೊಂಡಿದ್ದವು. ಕ್ರಿಸ್ಟಲ್ ರಿವರ್‌ನ ಕಥೆ ಅಲ್ಲಿಗೇ ಮುಗಿಯಲಿಲ್ಲ. 2009ರಲ್ಲಿ ಹಳೆಯ ಹಬೆಯಂತ್ರಗಳನ್ನು ಬದಲಾಯಿಸಲೆಂದು ಗೋಡೆಗೆ ಕಂಡಿ ಕೊರೆದಾಗ ಗೋಡೆಯೂ ಪದರ ಬಿಚ್ಚಿತು. ಅದನ್ನು ಸರಿಮಾಡಿ ತಂತಿ ಬಿಗಿದಾಗ ಬೇರೆ ಕಡೆ ಬಿಚ್ಚಿತು. ಕೊನೆಗೆ 2013ರಲ್ಲಿ ಸ್ಥಾವರವನ್ನೇ ಶಾಶ್ವತವಾಗಿ ಮುಚ್ಚುವುದಾಗಿ ಕಂಪನಿ ಸಾರಿತು. ಯಂತ್ರದ ದುರಸ್ತಿಗೆ ಹೋಗಿ ಮನೆಯೇ ಹೋಯಿತು. ದುರಸ್ತಿಯೆಂಬುದು ಹೊಸ ಕಟ್ಟಡದಷ್ಟೇ ಕಟ್ಟುನಿಟ್ಟಾದ ಪರಿಶೀಲನೆ ಬೇಡುವ ಕೆಲಸ.

ನಮ್ಮಲ್ಲಿ ಪರಿಶೀಲಿಸುವವರ ಸ್ಥಾನಮಾನದ್ದೇ ತೊಡಕು. ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ಕಟ್ಟುವ ನಿಗಮವೂ ಅದೇ ಇಲಾಖೆಯದು. ಪರೀಕ್ಷೆ ಬರೆದವನ ಮನೆಯ ಹಿರಿಯರೇ ಮೌಲ್ಯಮಾಪಕನಿಗೂ ಯಜಮಾನರಾದಂತೆ. ಗುಮ್ಮಟ ಬಿದ್ದಾಗ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ 1996ರಲ್ಲಿ ಹುದ್ದೆ ಬಿಟ್ಟ ಮೇಲೆ ಇದನ್ನು ಬಹಿರಂಗವಾಗಿಯೇ ಬರೆದರು. 2012ರಲ್ಲಿ ಮಹಾಲೇಖಪಾಲರ ವರದಿಯೂ, ಮಂಡಳಿ ಇನ್ನೊಬ್ಬರು ಕೊಟ್ಟ ಅಧಿಕಾರದಲ್ಲಿ ನಡೆಯುವ ಅಧೀನ ಕಚೇರಿಯಾಗಿಯೇ ಉಳಿದಿದೆ ಎಂದಿತು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ತಂದ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಮಂಡಳಿಗೆ ಶಾಸನದ ಸ್ಥಾನ ಕೊಡುವ ಹೊಸ ಕಾಯ್ದೆಗೆ ಸಂಸತ್ತು ಒಪ್ಪಿಗೆ ನೀಡಿದ್ದು 2025ರ ಡಿಸೆಂಬರಿನಲ್ಲಿ, ಗುಮ್ಮಟ ಬಿದ್ದು ಮೂವತ್ತೊಂದು ವರ್ಷದ ಮೇಲೆ.

ಇದೆಲ್ಲ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರಿಗೆ ಏಕೆ ಎಂದು ಕೇಳಬಹುದು. 1994ರಲ್ಲಿ ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು, ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಎಲ್ಲಕ್ಕಿಂತ ದೂರದ ಹಿರೇಕೆರೂರಿಗೂ ಕೈಗಾ ನೇರ ಗೆರೆಯಲ್ಲಿ 110 ಕಿಲೋಮೀಟರಿನಷ್ಟು. ಸ್ಥಾವರದ ತುರ್ತುಯೋಜನೆಗೆ ಗುರುತಿಸುವ ವಲಯ 16 ಕಿಲೋಮೀಟರ್ ತ್ರಿಜ್ಯದ್ದು, ಆದ್ದರಿಂದ ಅಣಕು ಕಾರ್ಯಾಚರಣೆಯ ಸೈರನ್ ಈ ಊರುಗಳಿಗೆ ಕೇಳಿಸುವುದಿಲ್ಲ. ಗುಮ್ಮಟದೊಳಗೆ ಹೋಗಿ ಕತ್ತೆತ್ತಿ ನೋಡುವ ಅವಕಾಶವಂತೂ ತಾರಕೇಶ್ವರದಲ್ಲಿದ್ದಂತೆ ಇಲ್ಲ. ಅಲ್ಲಿ ಏನು ಕೆಟ್ಟಿತು, ಯಾರು ಸರಿಪಡಿಸಿದರು, ಸರಿಯಾಯಿತೆಂದು ಯಾರು ಒಪ್ಪಿದರು ಎಂಬುದು ಇಲ್ಲಿಯ ಜನಕ್ಕೆ ತಿಳಿಯಬೇಕಾದರೆ ಮಂಡಳಿಯ ಕಾಗದಗಳೇ ದಾರಿ. ಗುಮ್ಮಟದ ತನಿಖೆಯ ಸಾರ ಎಂಜಿನಿಯರುಗಳ ಸಮ್ಮೇಳನಗಳಲ್ಲಿ ಪ್ರಬಂಧವಾಗಿ ಬಂತು, ಇಂಗ್ಲಿಷಿನಲ್ಲಿ.